ಹಳ್ಳಿ ಸ್ಟಾಪ್‌ನಲ್ಲಿ ಬಸ್ ಟೈಮಿಂಗ್ ಬೋರ್ಡ್ ಹಾಕೋದು ಹೇಗೆ

ಸಿಟಿಲಿ ಒಂದು ಬಸ್ ತಪ್ಪಿದ್ರೆ ಹತ್ತು ನಿಮಿಷಕ್ಕೆ ಇನ್ನೊಂದು ಬರತ್ತೆ, ಹಳ್ಳಿಲಿ ತಪ್ಪಿದ್ರೆ ಅರ್ಧ ದಿನಾನೇ ಹೋಯ್ತು, ಅದಕ್ಕೆ ಬೋರ್ಡ್‌ನಲ್ಲಿ ಬರೆಯೋದು ಪಕ್ಕಾ ಇರ್ಬೇಕು.

ಮೊದಲನೇದು, ಇಡೀ ರೂಟಿನ ಟೇಬಲ್ ತಂದು ಅಂಟಿಸ್ಬೇಡಿ. ಡಿಪೋದಿಂದ ಹೊರಡೋ ಟೈಮ್ ಕಟ್ಕೊಂಡು ಸ್ಟಾಪಲ್ಲಿ ನಿಂತವರಿಗೆ ಏನಾಗ್ಬೇಕು? ಆ ಸ್ಟಾಪಿಗೆ ಎಷ್ಟೊತ್ತಿಗೆ ಬರತ್ತೆ, ಯಾವ ಕಡೆ ಹೋಗತ್ತೆ, ಅಷ್ಟು ಹಾಕಿ. ಹೋಗೋದು, ಬರೋದು ಬೇರೆ ಬೇರೆ ಕಾಲಂ. ಬರೀ 6:30 ಅಂತ ಬರೆದ್ರೆ ಬೆಳಿಗ್ಗೆನೋ ಸಂಜೆನೋ ಗೊತ್ತಾಗಲ್ಲ, ‘ಸಂಜೆ 6:30’ ಅಂತಾನೇ ಬರೀರಿ. ಭಾನುವಾರ ಬಸ್ ಇಲ್ಲ, ಸ್ಕೂಲ್ ರಜೆಲಿ ಇಲ್ಲ ಅನ್ನೋದನ್ನ ಸ್ಟಾರ್ ಹಾಕಿ ಕೆಳಗೆ ಸಣ್ಣಕ್ಷರದಲ್ಲಿ ಬಚ್ಚಿಡೋದಲ್ಲ, ಆ ಟೈಮ್ ಪಕ್ಕದಲ್ಲೇ ಇರ್ಲಿ. ಕೊನೇ ಬಸ್ಸನ್ನ ದಪ್ಪಕ್ಷರದಲ್ಲಿ ಹಾಕಿ, ಜನ ಮೊದ್ಲು ಹುಡುಕೋದೇ ಅದನ್ನ.

ಅಕ್ಷರ ದೊಡ್ಡದು, ಬಿಳಿ ಮೇಲೆ ಕಪ್ಪು, ಕಣ್ಣಿನ ಎತ್ತರಕ್ಕೆ. ಮಾಮೂಲಿ ಪ್ರಿಂಟ್‌ಔಟ್ ಬಿಸಿಲಿಗೆ ಬೇಗ ಮಾಸತ್ತೆ, ಆದಷ್ಟು ಪೇಂಟ್ ಮಾಡ್ಸಿ.

‘ಯಾವ ತಾರೀಕಿಂದ’ ಅನ್ನೋದು ಮರೀಬೇಡಿ, ತಾರೀಕಿಲ್ಲದ ಬೋರ್ಡನ್ನ ಯಾರೂ ನಂಬಲ್ಲ, ನಂಬಲೂಬಾರದು. ವಿಚಾರಿಸೋಕೆ ಒಂದು ಫೋನ್ ನಂಬರ್ ಹಾಕಿ, ಆದ್ರೆ ಯಾರಾದ್ರೂ ಎತ್ತೋ ನಂಬರ್ ಆಗಿರ್ಲಿ ಮಾರಾಯ್ರೆ! ಕ್ಯೂಆರ್ ಕೋಡ್ ಇದ್ರೆ ಒಳ್ಳೇದೇ, ಆದ್ರೆ ನೆಟ್‌ವರ್ಕ್ ಇಲ್ಲದ ಕಡೆ ಅದೊಂದನ್ನೇ ನಂಬ್ಕೊಂಡು ಕೂರೋಕಾಗಲ್ಲ.

ಗೂಗಲ್ ಮ್ಯಾಪ್ಸಲ್ಲೂ ಕಾಣ್ಸ್ಬೇಕು ಅಂದ್ರೆ ಬಸ್ ಓಡಿಸೋರು ಇದೇ ಟೈಮಿಂಗನ್ನ ಜಿಟಿಎಫ್‌ಎಸ್ ಫಾರ್ಮ್ಯಾಟಲ್ಲಿ ಕೊಡ್ಬೇಕು, ದೊಡ್ಡ ವಿದ್ಯೆ ಏನಲ್ಲ, ಸ್ಟಾಪು, ರೂಟು, ಟೈಮು ಇರೋ ಒಂದಿಷ್ಟು ಟೆಕ್ಸ್ಟ್ ಫೈಲ್‌ನ ಜಿಪ್ ಅಷ್ಟೇ. ಟೈಮ್ ಬದಲಾದ ದಿನ ಬೋರ್ಡು, ಫೈಲು ಎರಡನ್ನೂ ಒಟ್ಟಿಗೇ ಬದಲಾಯ್ಸಿ.