ಸೈಕಲ್ ಲೈಟು ಎದುರಿನವರ ಕಣ್ಣಿಗೆ ಹೊಡೆಯದಿರಲಿ

ಡಿಸೆಂಬರ್‌ನಲ್ಲಿ ಲಂಡನ್, ಬರ್ಲಿನ್‌ನಂಥ ಊರುಗಳಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಹೊಸದಾಗಿ ಬಂದು ಸೈಕಲ್ ತುಳಿಯಲು ಶುರುಮಾಡಿದವರು ಭಯಕ್ಕೆ ಅಂಗಡಿಯಲ್ಲಿರುವ ಅತಿ ಪ್ರಖರವಾದ ಲೈಟನ್ನೇ ಕೊಂಡುಬಿಡುತ್ತಾರೆ. ಕೊಳ್ಳಿ, ತಪ್ಪಿಲ್ಲ. ಆದರೆ ತೊಂದರೆ ಕೊಡುವುದು ಹೆಚ್ಚಾಗಿ ಲೈಟಿನ ಶಕ್ತಿಯಲ್ಲ, ಅದನ್ನು ಕಟ್ಟಿದ ಕೋನ.

ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆ ಒಟ್ಟು ಬೆಳಕು ಎಷ್ಟೆಂದು ಹೇಳುತ್ತದೆಯೇ ಹೊರತು ಅದು ಎಲ್ಲಿ ಬೀಳುತ್ತದೆಂದು ಹೇಳುವುದಿಲ್ಲ. ಟಾರ್ಚಿನಂತೆ ದುಂಡಗೆ ಬೆಳಕು ಚೆಲ್ಲುವ ಲೈಟನ್ನು ನೇರವಾಗಿ ಕಟ್ಟಿದರೆ ಅರ್ಧ ಬೆಳಕು ಮೇಲಕ್ಕೇ ಹೋಗುತ್ತದೆ. ಕಾರಿನ ಲೋ ಬೀಮ್‌ನಂತೆ ಮೇಲಂಚು ಕತ್ತರಿಸಿದ ಹಾಗಿರುವ ಲೈಟು ಸಿಕ್ಕರೆ ಎರಡು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಜರ್ಮನಿಯಲ್ಲಿ ಮಾನ್ಯತೆ ಪಡೆದ ಲೈಟಿನ ಮೇಲೆ ಅಲೆಯಂಥ ಗೆರೆ, ‘ಕೆ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ.

ಕೋನ ಸರಿಮಾಡಲು ಒಂದು ಗೋಡೆ ಸಾಕು. ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಸೀಟಿನ ಮೇಲೆ ಕೂತು ಲೈಟು ಹಾಕಿ. ಲೈಟು ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ನಡುಭಾಗ ಗೋಡೆಯ ಮೇಲೆ 50 ಸೆಂಟಿಮೀಟರ್ ಎತ್ತರಕ್ಕೆ ಬೀಳಬೇಕು. ಆಗ ರಸ್ತೆಯಲ್ಲಿ ಅದು ಸುಮಾರು 10 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ರಬ್ಬರ್ ಪಟ್ಟಿಯ ಲೈಟುಗಳು ಗುಂಡಿಗೆ ಇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ತಿರುಗುತ್ತವೆ. ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ತುಂಡೊಂದನ್ನು ಸುತ್ತಿದರೆ ಜಾರುವುದಿಲ್ಲ.

ಮಿನುಗುವ ಲೈಟಿನ ಕಾನೂನು ದೇಶಕ್ಕೊಂದು. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಅದು ನಿಷಿದ್ಧ. ಬ್ರಿಟನ್‌ನಲ್ಲಿ 2005ರಿಂದ ಅನುಮತಿಯಿದೆ, ನಿಮಿಷಕ್ಕೆ 60ರಿಂದ 240 ಸಲದವರೆಗೆ. ಅನುಮತಿ ಇದ್ದರೂ ಕತ್ತಲಲ್ಲಿ ಬೇಡ ಎನ್ನುತ್ತೇನೆ. ಕಣ್ಣೆದುರು ಮಿಣಮಿಣ ಎನ್ನುವ ಲೈಟು ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಬರುತ್ತಿದೆ ಎಂದು ಅಂದಾಜಿಸುವುದು ಕಷ್ಟ.

ಹಿಂದಿನ ಕೆಂಪು ಲೈಟನ್ನೂ ಮರೆಯಬೇಡಿ. ಸಿಗ್ನಲ್‌ನಲ್ಲಿ ನಿಮ್ಮ ಬೆನ್ನಿಗೇ ನಿಂತ ಸೈಕಲ್ ಸವಾರ ಅದನ್ನೇ ನೋಡುತ್ತಿರಬೇಕಾಗುತ್ತದೆ. ಹೆಲ್ಮೆಟ್ ಲೈಟು ಊರೊಳಗೆ ಬೇಡವೇ ಬೇಡ. ನೀವು ಯಾರ ಮುಖ ನೋಡಿದರೂ ಬೆಳಕು ನೇರ ಅವರ ಕಣ್ಣಿಗೇ.

ಬೀದಿದೀಪವಿಲ್ಲದ, ನಡೆಯುವವರೂ ಸೈಕಲ್‌ನವರೂ ಹಂಚಿಕೊಳ್ಳುವ ದಾರಿಯಲ್ಲಿ ಹೆಚ್ಚು ಜಾಗ್ರತೆ ಬೇಕು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಹಿಡಿಯುತ್ತದೆ, ನಿಮ್ಮ ಒಂದು ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ವಯಸ್ಸಾದವರ ಕಣ್ಣು ಚೇತರಿಸಿಕೊಳ್ಳಲು ಇನ್ನೂ ತಡ. ನಾಯಿ ಹಿಡಿದು ಬರುತ್ತಿರುವ ಅಜ್ಜಿ ಮುಂದಿನ ಹೆಜ್ಜೆ ಎಲ್ಲಿಡುವುದೆಂದು ಕಾಣದೆ ನಿಂತುಬಿಡುತ್ತಾರೆ. ದೂರದಿಂದಲೇ ಬೆಳಕು ತಗ್ಗಿಸಿ, ಇಲ್ಲವೇ ವೇಗ ಇಳಿಸಿ ಲೈಟಿನ ಮೇಲ್ಭಾಗಕ್ಕೆ ಅಂಗೈ ಅಡ್ಡ ಹಿಡಿಯಿರಿ. ಎದುರಿನವರು ಮುಖಕ್ಕೆ ಕೈ ಅಡ್ಡ ಇಟ್ಟರೆ, ಏನಾದರೂ ಕೂಗಿದರೆ, ಹೊರಗಿನವರೆಂದು ಗದರುತ್ತಿದ್ದಾರೆ ಎಂದುಕೊಳ್ಳುವ ಮೊದಲು ಲೈಟು ನೋಡಿಕೊಳ್ಳಿ.

ಎಷ್ಟು ಸಲ ಗುಂಡಿ ಒತ್ತಿದರೆ ಕಡಿಮೆ ಬೆಳಕು ಬರುತ್ತದೆಂಬುದನ್ನು ಮನೆಯಲ್ಲೇ, ಕೈಗವಸು ಹಾಕಿಕೊಂಡೇ ರೂಢಿ ಮಾಡಿಕೊಳ್ಳಿ.