ಒಫೀಲಿಯಾಳ ಏಳು ಗಿಡ

ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮದು ಬಾಡಿಗೆ ಮನೆ. ಹಿತ್ತಲು ಅಂದರೆ ನಾಲ್ಕು ಮಂಚ ಹಾಕುವಷ್ಟು ಜಾಗ. ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಇಲ್ಲಿಂದ ಹೆಚ್ಚು ದೂರವಿಲ್ಲ. ಅಲ್ಲಿಗೆ ಹೋಗಿ ಬಂದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ‘ಹ್ಯಾಮ್ಲೆಟ್’ ನಾಟಕದ 4ನೇ ಅಂಕ, 5ನೇ ದೃಶ್ಯದಲ್ಲಿ ಬುದ್ಧಿ ಕಲಕಿದ ಒಫೀಲಿಯಾ ಹಂಚುತ್ತಾಳಲ್ಲ, ಆ ಗಿಡಗಳನ್ನೆಲ್ಲ ಬೆಳೆಯಬೇಕು ಅಂತ. ರೋಸ್‌ಮೇರಿ, ಪ್ಯಾನ್ಸಿ, ಸೋಂಪು, ಕೊಲಂಬೈನ್, ರೂ, ಡೈಸಿ. ಜೊತೆಗೆ, ಹೆಸರು ಹೇಳಿಯೂ ಅವಳು ಕೊಡದ ವಯಲೆಟ್.

ಡೈಸಿ ಹುಲ್ಲಿನಲ್ಲಿ ತಾನಾಗೇ ಇತ್ತು. ಸೋಂಪನ್ನು ಅಡುಗೆಮನೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಸುಮ್ನೆ ಉದುರಿಸಿದೆ, ಹುಟ್ಟಿತು. ವಯಲೆಟ್ ಸಸಿ ಕೊಂಡು ನೆಟ್ಟೆ.

ಮೊದಲ ರೋಸ್‌ಮೇರಿ ಚಳಿಗಾಲದಲ್ಲಿ ಸತ್ತಿತು. ಚಳಿಗೆ ಅಂದುಕೊಂಡಿದ್ದೆ. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಇಲ್ಲಿಯದು ಜೇಡಿಮಣ್ಣು, ನೀರು ಇಳಿಯುವುದೇ ಇಲ್ಲ. ಎರಡನೆಯದನ್ನು ಕುಂಡದಲ್ಲಿ, ಮಣ್ಣಿಗೆ ಜಾಸ್ತಿ ಸಣ್ಣಕಲ್ಲು ಬೆರೆಸಿ ಇಟ್ಟೆ. ಅದು ಬದುಕಿದೆ.

ಪ್ಯಾನ್ಸಿಯಲ್ಲೂ ಮೋಸ ಹೋದೆ. ನರ್ಸರಿಯಿಂದ ತಂದ ದೊಡ್ಡ ಮುಖದ ಪ್ಯಾನ್ಸಿ 19ನೇ ಶತಮಾನದಲ್ಲಿ ತಳಿ ಬೆರೆಸಿ ಮಾಡಿದ್ದಂತೆ. ಶೇಕ್ಸ್‌ಪಿಯರ್ ಕಂಡಿದ್ದು ಉಗುರಗಲದ ಕಾಡುಹೂವು. ನೇರಳೆ, ಹಳದಿ, ಬಿಳಿ ಮೂರೂ ಬಣ್ಣ. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ಮಲಗಿದವರ ಕಣ್ಣಿಗೆ ಹಿಂಡುವುದೂ ಇದೇ ಹೂವಿನ ರಸ. ಬೀಜ ತರಿಸಿ ಬಿತ್ತಿದೆ. ಕೊಲಂಬೈನ್ ಬೀಜವನ್ನೂ ಶರತ್ಕಾಲದಲ್ಲೇ ಹಾಕಿದೆ. ಒಂದು ಚಳಿಗಾಲ ಉಂಡರೆ ಅದು ಚೆನ್ನಾಗಿ ಮೊಳೆಯುತ್ತದೆ. ಹೂವಿಗೆ ಇನ್ನೊಂದು ವರ್ಷ ಕಾದೆ.

ಇನ್ನು ರೂ ಗಿಡ. ಎಲೆ ಉಜ್ಜಿ ಮೂಸಿದೆ, ಮೈ ಜುಮ್ಮೆಂದಿತು. ಅಜ್ಜಿ ಹಿತ್ತಲಿನ ನಾಗದಾಳಿ! ಹಾವು ಬರಲ್ಲ ಅಂತ ನಮ್ಮಲ್ಲಿ ಬೆಳೆಸುತ್ತಾರಲ್ವಾ, ಅದೇ. ಒಫೀಲಿಯಾಗೆ ಅದು ಪಶ್ಚಾತ್ತಾಪದ ಗಿಡ. ಕೊಡುವವರಿಗೆ ಕೊಟ್ಟು, ತನಗೂ ಒಂದಿಷ್ಟು ಇಟ್ಟುಕೊಳ್ಳುತ್ತಾಳೆ.

ನೆಂಟರ ಗಿಡ ಅನ್ನೋ ಸಲುಗೆಯಲ್ಲಿ ಒಂದು ಜುಲೈ ಮಧ್ಯಾಹ್ನ ಬರಿಗೈಯಲ್ಲಿ ಕತ್ತರಿಸಿದೆ, ಅರ್ಧ ತೋಳಿನ ಅಂಗಿ ಹಾಕಿಕೊಂಡು. ಅವತ್ತು ಏನೂ ಆಗಲಿಲ್ಲ. ಎರಡನೇ ದಿನ ಮುಂಗೈ ತುಂಬ ಬೊಕ್ಕೆ, ಬಿಸಿ ಎಣ್ಣೆ ಸಿಡಿದ ಹಾಗೆ. ಔಷಧಿ ಅಂಗಡಿಯವರು ಅಲರ್ಜಿ ಅಂದರು. ಅಲ್ಲ. ಈ ಗಿಡದ ರಸ ಮೈಗೆ ಹತ್ತಿ, ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಕಂದು ಕಲೆ ತಿಂಗಳುಗಟ್ಟಲೆ ಉಳಿಯಿತು. ಈಗ ಉದ್ದ ತೋಳಿನ ಅಂಗಿ, ಕೈಗವಸು, ಅದೂ ಮೋಡ ಕವಿದ ಸಂಜೆ ಮಾತ್ರ. ಇಂಗ್ಲೆಂಡಿನಲ್ಲಿ ಮೋಡಕ್ಕೇನು ಬರವೇ.

ಮೂರನೇ ವರ್ಷದ ಮೇ ತಿಂಗಳಲ್ಲಿ ಕೊಲಂಬೈನ್ ಅರಳಿತು. ಸ್ಟೀಲ್ ಚೊಂಬು ಹಿಡಿದು ಕೊಯ್ಯಲು ಹೋದೆ. ಪ್ಯಾನ್ಸಿ ಇತ್ತು, ಡೈಸಿ ಇತ್ತು. ರೋಸ್‌ಮೇರಿ, ಸೋಂಪು, ರೂ ಮೂರಕ್ಕೂ ಎಲೆ ಸಾಕು. ಆರೂ ಸಿಕ್ಕವು. ವಯಲೆಟ್ ಮಾತ್ರ ಬರೀ ಎಲೆ. ಮಾರ್ಚ್‌ನಲ್ಲಿ ಅಷ್ಟೊಂದು ಬಿಟ್ಟಿದ್ದು, ಏಪ್ರಿಲ್‌ಗೇ ಮುಗಿದಿತ್ತು.

ನಿನಗೆ ವಯಲೆಟ್ ಕೊಡುತ್ತಿದ್ದೆ, ಅಪ್ಪ ಸತ್ತಾಗ ಎಲ್ಲ ಬಾಡಿಹೋದವು ಅನ್ನುತ್ತಾಳೆ ಅವಳು. ಅದು ಹುಚ್ಚಿನ ಮಾತು ಅಂತಲೇ ಇಷ್ಟು ದಿನ ಓದಿದ್ದೆ. ಚೊಂಬು ಕೆಳಗಿಟ್ಟು ವಯಲೆಟ್ ಎಲೆಗಳನ್ನು ಇನ್ನೊಮ್ಮೆ ಸರಿಸಿ ನೋಡಿದೆ. ಒಂದು ಹೂವೂ ಇರಲಿಲ್ಲ.