ವಿಚ್ಛೇದನಕ್ಕೆ ವಕೀಲರನ್ನು ಗೊತ್ತುಮಾಡಿಕೊಳ್ಳುವುದು: ಹಾಸನ ಜಿಲ್ಲೆಯವರಿಗೆ

ವಕೀಲರ ಹತ್ತಿರ ಹೋಗುವ ಮುನ್ನ ಪ್ರಕರಣ ಯಾವ ಬಗೆಯದೆಂದು ತಿಳಿದುಕೊಳ್ಳಬೇಕು, ಖರ್ಚು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಒಪ್ಪಿ ಜಂಟಿ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ಬೇರೆಯಾಗಿ ಇದ್ದಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತವೆನಿಸಿದಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ. ಒಬ್ಬರು ಒಪ್ಪದಿದ್ದರೆ ಸಾಕ್ಷ್ಯ, ಪಾಟೀಸವಾಲು ಎಂದು ವರ್ಷಗಳೇ ಹಿಡಿಯುತ್ತವೆ.

ಬೆಂಗಳೂರಿನಲ್ಲಿ ಸಂಸಾರ ಹೂಡಿ, ಈಗ ಅರಸೀಕೆರೆಯ ತವರಿಗೆ ಬಂದು ನೆಲೆಸಿರುವ ಹೆಂಡತಿ ಅರ್ಜಿ ಹಾಕಲು ಬೆಂಗಳೂರಿಗೇ ಹೋಗಬೇಕಿಲ್ಲ. ತಾನು ವಾಸವಿರುವ ಜಿಲ್ಲೆಯಲ್ಲೇ ಹಾಕಲು ಅದೇ ಕಾಯ್ದೆಯ 19ನೇ ಕಲಮು ಅವಕಾಶ ಕೊಟ್ಟಿದೆ. ಪ್ರತಿ ವಾಯಿದೆಗೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುವುದೇನು ಸಣ್ಣ ಮಾತಲ್ಲ.

ಹಣವಿಲ್ಲದವರು ಮೊದಲು ಹೋಗಬೇಕಾದದ್ದು ಹಾಸನದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಇಲ್ಲವೇ ತಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಗಂಡನಿಗೆ ತೋಟವಿದೆ, ನಮಗೆಲ್ಲಿ ಕೊಡುತ್ತಾರೆ ಎಂದು ಹಿಂಜರಿಯುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಉಳಿದ ಬಹುತೇಕರಿಗೆ ಆದಾಯದ ಮಿತಿ ಉಂಟು. 15100ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ಹೀಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಫೀಸು ಪಡೆಯುವಂತಿಲ್ಲ. ಕೇಳಿದರೆ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.

ಖಾಸಗಿಯಾಗಿ ಹುಡುಕುವವರಿಗೆ ತೊಡಕೊಂದಿದೆ: ವಿವಾಹ ಪ್ರಕರಣಗಳ ವಿಚಾರಣೆ ಗೋಪ್ಯವಾಗಿ ನಡೆಯುವುದರಿಂದ ಒಳಗೆ ಕೂತು ವಕೀಲರ ಕೆಲಸ ನೋಡಲಾಗದು. ಆದರೂ ಒಂದು ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ ಕೂತರೆ, ಹೆಸರು ಕೂಗಿದಾಗ ಯಾರು ಕಡತ ಹಿಡಿದು ತಾವೇ ಬರುತ್ತಾರೆ, ಯಾರು ಪ್ರತಿ ಸಲ ಜೂನಿಯರನ್ನು ಕಳಿಸಿ ಮುಂದಿನ ವಾಯಿದೆ ಕೇಳಿಸುತ್ತಾರೆ ಎಂಬುದು ಗೊತ್ತಾಗುತ್ತದೆ. ವಕೀಲರು ಜಾಹೀರಾತು ನೀಡುವುದನ್ನು ಬಾರ್ ಕೌನ್ಸಿಲ್ ನಿಷೇಧಿಸಿದೆ. ಆದ್ದರಿಂದ ಕೋರ್ಟಿನ ಗೇಟಿನಲ್ಲೇ ಬೆನ್ನುಹತ್ತಿ, ಒಳ್ಳೆಯ ವಕೀಲರ ಬಳಿ ಕರೆದೊಯ್ಯುತ್ತೇನೆ ಎನ್ನುವವರನ್ನು ನಂಬಬೇಡಿ.

ಫೀಸಿನ ಮಾತು ಮೊದಲ ದಿನವೇ ಆಗಲಿ, ಸಂಕೋಚ ಬೇಡ. ಒಂದು ಹಾಳೆಯಲ್ಲಿ ನೋಟಿಸು, ಅರ್ಜಿ, ಜೀವನಾಂಶದ ಮಧ್ಯಂತರ ಅರ್ಜಿ, ಸಾಕ್ಷ್ಯ, ಟೈಪಿಂಗ್ ಎಂದು ಸಾಲುಗಳನ್ನು ಬರೆದು ಎದುರಿಗೆ ಮೊತ್ತ ಬರೆಸಿಕೊಳ್ಳಿ, ಕಂತಿನಲ್ಲಿ ಕೊಡಲಾಗುವುದೇ ಎಂದು ಕೇಳಿ, ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಿರಿ. ಬರುವ ಜೀವನಾಂಶದಲ್ಲಿ ಪಾಲು ಕೊಡಿ ಎಂಬ ಕರಾರು ನಿಯಮಬಾಹಿರ. ಸ್ವಂತ ಆದಾಯ ಸಾಲದಿದ್ದರೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಪ್ರಕರಣದ ಖರ್ಚನ್ನೂ ಮಧ್ಯಂತರ ಜೀವನಾಂಶವನ್ನೂ ಎದುರು ಪಕ್ಷದಿಂದ ಕೇಳಬಹುದು; ಈ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥಪಡಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಜೀವನಾಂಶದ ಅರ್ಜಿಯಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕಾದ್ದರಿಂದ ಪಹಣಿ, ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿಗಳ ಪ್ರತಿಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳಿ.

ವಕಾಲತ್ತಿಗೆ (ವಕೀಲರಿಗೆ ಕೊಡುವ ಅಧಿಕಾರಪತ್ರಕ್ಕೆ) ಸಹಿ ಹಾಕಿ, ಪ್ರಕರಣ ದಾಖಲಾದ ಮೇಲೆ ಅದರ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಕೇಳಿ ಪಡೆದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ವಾಯಿದೆಯನ್ನು ನೀವೇ ನೋಡಬಹುದು. ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪತ್ರಗಳ ಅಸಲನ್ನು ಕಚೇರಿಯಲ್ಲಿ ಬಿಟ್ಟುಬರಬೇಡಿ. ಕಡತಕ್ಕೆ ಜೆರಾಕ್ಸ್ ಕೊಟ್ಟು, ನ್ಯಾಯಾಲಯ ಕೇಳಿದ ದಿನ ಅಸಲನ್ನು ನೀವೇ ಒಯ್ಯಿರಿ.